ಕೆರೆ ಏರಿಯ ಆಚೆಗಿನ ಲೆಕ್ಕ

ದೀಪಾವಳಿ ಮುಗಿದು ಹಿಂಗಾರಿ ಪೈರು ಚಿಗುರೊಡೆಯುವ ಹೊತ್ತಿಗೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರತೊಡಗುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಯಿದು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಪುಣೆಯ ಕನ್ನಡಿಗರು ಇದನ್ನು ಭಿಗವಣದಲ್ಲಿ, ದಿಲ್ಲಿಯವರು ಭರತಪುರದಲ್ಲಿ ಕಂಡಿರಬಹುದು.

ಹಕ್ಕಿ ನೋಡಲು ಹೋದವರು ಬರೆದಿಡುವುದು ಸಾಮಾನ್ಯವಾಗಿ ನಾಲ್ಕು ಸಂಗತಿ: ತಾರೀಖು, ಜಾತಿ, ಸಂಖ್ಯೆ, ಸ್ಥಳ. ಸ್ಥಳದ ಮುಂದೆ 'ಮಾಗಡಿ ಕೆರೆ' ಎಂದು ಬರೆದರೆ ಮುಗಿಯಿತು. ಆದರೆ ಅದು ಅರ್ಧ ಸತ್ಯ. ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಹುಲ್ಲು, ಚಿಗುರು, ಕಾಳು ತಿನ್ನುವ ಹಕ್ಕಿ. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಕೆರೆ ಅದಕ್ಕೆ ಪಡಸಾಲೆ. ಅಡುಗೆಮನೆ ಇರುವುದು ಏರಿಯ ಆಚೆ, ರೈತನ ಜಮೀನಿನಲ್ಲಿ.

2024ರಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷದ ವಿಷಯವೇ. ಆದರೆ ಪಟ್ಟ ಸಿಕ್ಕಿದ್ದು ಕೆರೆಗೆ, ಊಟ ಹಾಕುವ ಹೊಲಕ್ಕಲ್ಲ. ಆ ಕೆರೆಯನ್ನೂ ಹಕ್ಕಿಗಳಿಗೆಂದು ಕಟ್ಟಿದ್ದಲ್ಲ. ಮಳೆನೀರು ಹಿಡಿದು ಬೇಸಾಯಕ್ಕೆ ಒದಗಿಸಲೆಂದು ಕಟ್ಟಿದ್ದು. ರೈತನಿಗಾಗಿ ಆದ ಕೆರೆಗೆ ಹಕ್ಕಿ ಅತಿಥಿಯಾಗಿ ಬಂತು. ಈಗ ಕೆರೆಯ ಹೆಸರು ಹೇಳುವಾಗ ರೈತನ ಹೆಸರೇ ಬಿಟ್ಟುಹೋಗುತ್ತಿದೆ.

ನಷ್ಟ ಅಷ್ಟೇನಿಲ್ಲ, ಹಿಕ್ಕೆ ಗೊಬ್ಬರವಾಗುತ್ತದಲ್ಲ ಎಂದು ವಾದಿಸುವವರಿದ್ದಾರೆ. ಇಡೀ ತಾಲ್ಲೂಕಿಗೆ ಹಂಚಿ ನೋಡಿದರೆ ನಷ್ಟ ಸಣ್ಣದೇ ಇರಬಹುದು. ಆದರೆ ಅದು ಹಾಗೆ ಹಂಚಿ ಬೀಳುವುದಿಲ್ಲ. ಸಾವಿರಾರು ಹಕ್ಕಿಗಳ ಹಿಂಡು ಇಳಿಯುವುದು ಕೆರೆಗೆ ಹತ್ತಿರದ ಕೆಲವೇ ಹೊಲಗಳಲ್ಲಿ. ಎರಡೆಕರೆಯಲ್ಲಿ ಕಡಲೆ ಬಿತ್ತಿದವನಿಗೆ ಒಂದು ರಾತ್ರಿಯ ಮೇವೂ ದೊಡ್ಡ ಪೆಟ್ಟು. ಅವನು ಪಟಾಕಿ ಹೊಡೆದು ಓಡಿಸಲಿಲ್ಲವೆಂದರೆ, ಬೇರೆ ಯಾರೂ ಕೊಡದ ಚಂದಾವನ್ನು ಅವನೊಬ್ಬನೇ ಕೊಟ್ಟಂತೆ.

ಹಾಗಾಗಿ ಶರತ್ಕಾಲದ ಪಟ್ಟಿಗೆ ಐದನೆಯ ಕಲಮು ಬೇಕು: ಹಿಂಡು ಯಾವ ಹೊಲದಲ್ಲಿ ಮೇಯಿತು, ಆ ಹೊಲದಲ್ಲಿ ಯಾವ ಬೆಳೆ ಇತ್ತು. ಅರಣ್ಯ ಇಲಾಖೆ ಕೃಷಿ ಇಲಾಖೆಯ ಜೊತೆ ಕೂತು, ಹೀಗೆ ಬರೆದಿಟ್ಟ ಲೆಕ್ಕದ ಮೇಲೆ ಬೆಳೆನಷ್ಟ ತುಂಬಿಕೊಡಬಹುದು. ಯಾವ ವರ್ಷ ಯಾವ ಬೆಳೆ ಇತ್ತು, ಎಷ್ಟು ಹಕ್ಕಿ ಬಂದವು ಎಂಬುದೂ ಅದರಿಂದ ತಿಳಿಯುತ್ತದೆ. ಹಬ್ಬಕ್ಕೆಂದು ಊರಿಗೆ ಹೋಗಿ ಕ್ಯಾಮೆರಾ ಹಿಡಿದು ಕೆರೆ ನೋಡಿಬರುವವರು, ಏರಿ ಇಳಿದು ಪಕ್ಕದ ಹೊಲದವರನ್ನು ಒಂದು ಮಾತು ಕೇಳಿದರೂ ಈ ಲೆಕ್ಕ ಶುರುವಾಗುತ್ತದೆ. ಹೊಲದವನಿಗೆ ಹಕ್ಕಿ ಬೇಡವಾದ ದಿನ, ಕೆರೆ ತುಂಬಿದ್ದರೂ ಹೆಬ್ಬಾತು ಉಳಿಯುವುದಿಲ್ಲ.