ಬೀಗ ಹಾಕಿದ ಭವನಗಳು, ಕಟ್ಟೆಯ ಮೇಲಿನ ಹಿರಿಯರು



ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಊರುಗಳಲ್ಲಿ ಓಡಾಡುವವರಿಗೆ ಎರಡು ನೋಟಗಳು ಹೊಸದಲ್ಲ. ಒಂದು, ಮಠದ ಪಕ್ಕದಲ್ಲಿಯೋ ಊರ ನಡುವೆಯೋ ಎದ್ದು ನಿಂತ ಸಮುದಾಯ ಭವನ. ಮದುವೆ, ಪ್ರವಚನ, ಜಯಂತಿಗಳ ದಿನ ಬಿಟ್ಟರೆ ಅದಕ್ಕೆ ಬೀಗ. ಇನ್ನೊಂದು, ಮಕ್ಕಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದ ಮೇಲೆ ಮನೆ ಕಾಯುತ್ತ ಕಟ್ಟೆಯ ಮೇಲೆ ಕುಳಿತ ಮುದುಕ ಮುದುಕಿಯರು. ಈ ಬೀಗ ತೆಗೆಸುವ ಕೆಲಸವನ್ನು ನಮ್ಮ ಪಂಚಾಯಿತಿ, ನಗರಸಭೆ ಮತ್ತು ಮಠಗಳು ಕೂಡಿ ಮಾಡಬೇಕು ಎಂಬುದು ನನ್ನ ವಾದ.

ಒಂಟಿಯಾಗಿ ಉಳಿದ ಹಿರಿಯರ ಕಷ್ಟ ಒಮ್ಮೆಲೆ ಬರುವುದಿಲ್ಲ. ಬಿ.ಪಿ. ಗುಳಿಗೆ ತೀರುತ್ತದೆ, ತಂದುಕೊಡುವವರಿಲ್ಲ. ಕಣ್ಣಿಗೆ ಪೊರೆ ಬರುತ್ತದೆ, ಕರೆದುಕೊಂಡು ಹೋಗುವವರಿಲ್ಲ. ಒಬ್ಬರಿಗಾಗಿ ಒಲೆ ಹಚ್ಚುವುದು ಬೇಸರವಾಗಿ ಒಂದೊತ್ತಿನ ಊಟ ಬಿಡುತ್ತಾರೆ. ಒಂದು ದಿನ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಆಗ ಮಗ ಕೂಲಿ ಬಿಟ್ಟು ಓಡಿ ಬರಬೇಕು, ಕಲಬುರಗಿಗೋ ರಾಯಚೂರಿಗೋ ಒಯ್ಯಬೇಕು, ಸಾಲ ಮಾಡಬೇಕು. ಆ ಸಾಲ ತೀರಿಸಲು ಮೇಸ್ತ್ರಿಯ ಹತ್ತಿರ ಮುಂಗಡ ಪಡೆದು ಮತ್ತೆ ಗುಳೆ ಹೋಗಬೇಕು. ಹಿರಿಯರ ಆರೈಕೆ ಇಲ್ಲದಿರುವುದು ಹೀಗೆ ಇಡೀ ಮನೆತನದ ಬಡತನವಾಗುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. 14567 ಎಂಬ ಸಹಾಯವಾಣಿ ಇದೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ 2007ರ ಕಾಯ್ದೆ ಇದೆ. ಮಕ್ಕಳು ನೋಡದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡಬಹುದು. ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಸ್ಥಾಪಿಸಬಹುದೆಂದು ಅದರ 19ನೇ ಕಲಮು ಹೇಳುತ್ತದೆ. ಇವೆಲ್ಲ ಬೇಕು. ಆದರೆ ನ್ಯಾಯಮಂಡಳಿಯೂ ವೃದ್ಧಾಶ್ರಮವೂ ಮನೆ ಮುರಿದ ಮೇಲಿನ ಏರ್ಪಾಡುಗಳು. ಮನೆ ಮುರಿಯದಂತೆ, ಹಿರಿಯರು ಹಾಸಿಗೆ ಹಿಡಿಯದಂತೆ ಮೊದಲೇ ಕೈಹಿಡಿಯುವ ಕೆಲಸ ಊರಿನಲ್ಲಿಯೇ ಆಗಬೇಕು. ಅದು ಬೆಂಗಳೂರಿನಿಂದ ಆಗುವಂಥದ್ದಲ್ಲ.

ಹಾಗಾದರೆ ಇದು ಪಂಚಾಯಿತಿಯ ಕೆಲಸವೆ? ಹೌದು. ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಸಮಾಜ ಕಲ್ಯಾಣವನ್ನೂ ಹೆಸರಿಸಿದೆ. 12ನೇ ಅನುಸೂಚಿಯು ದುರ್ಬಲ ವರ್ಗಗಳ ಹಿತ ಕಾಯುವುದನ್ನು ಪೌರಸಂಸ್ಥೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಂಗವಿಕಲರಿಗಾಗಿ ಸ್ವಂತ ಆದಾಯದ ಶೇಕಡ 5ನ್ನು ತೆಗೆದಿಡುವ ಪದ್ಧತಿ ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಉದ್ಯೋಗ ಖಾತ್ರಿಯ ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳಲು 2023ರಿಂದೀಚೆಗೆ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ತಾಯಿ ಹೊಲಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಪಂಚಾಯಿತಿ, ಮಗ ಗುಳೆ ಹೋದಾಗ ಅವನ ತಾಯಿಯನ್ನು ನೋಡಿಕೊಳ್ಳಬಾರದೇಕೆ?

ನೆರೆಯ ಕೇರಳದಲ್ಲಿ ಇದು ನಡೆದಿದೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಆರಂಭಿಸಿದ ಉಪಶಾಮಕ ಆರೈಕೆ ಮಲಪ್ಪುರಂ ಜಿಲ್ಲೆಯಲ್ಲಿ ಊರವರದೇ ಚಳವಳಿಯಾಯಿತು. 2008ರಲ್ಲಿ ಆ ರಾಜ್ಯ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿತು. ಇಂದು ಅಲ್ಲಿ ಪಂಚಾಯಿತಿಯ ಹಣದಲ್ಲಿ ದಾದಿಯರು ಮನೆಮನೆಗೆ ಹೋಗುತ್ತಾರೆ. ಹಿರಿಯರಿಗೆ ‘ಪಗಲ್ ವೀಡು’, ಅಂದರೆ ಹಗಲುಮನೆಗಳೂ ಇವೆ. ಮೊದಲು ಸೇವೆಗಿಳಿದವರು ಸ್ವಯಂಸೇವಕರು, ಆಮೇಲೆ ಹಣ ಕೊಟ್ಟವರು ಪಂಚಾಯಿತಿಯವರು. ಈ ಕ್ರಮವನ್ನು ನಾವು ಗಮನಿಸಬೇಕು.

‘ನಮ್ಮ ಪಂಚಾಯಿತಿಗೆ ಅಷ್ಟು ಆದಾಯವೆಲ್ಲಿದೆ?’ ಎಂದು ಕೇಳುವುದು ಸಹಜ. ಲೆಕ್ಕ ಬಿಡಿಸಿ ನೋಡೋಣ. ಕಟ್ಟಡ ಆಗಲೇ ನಿಂತಿದೆ. ಅದಕ್ಕೆ ಇಳಿಜಾರು ದಾರಿ, ಹಿಡಿಕೆಯುಳ್ಳ ಶೌಚಾಲಯ, ಕುಡಿಯುವ ನೀರು ಬೇಕು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇಕಡ 60 ನೀರು, ನೈರ್ಮಲ್ಯಕ್ಕೆ ಮೀಸಲಾಗಿದ್ದರೆ, ಉಳಿದ ಶೇಕಡ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಾಗಿತ್ತು. ಆದರೆ ಅದರಿಂದ ಸಂಬಳ ಕೊಡುವಂತಿರಲಿಲ್ಲ. ನೋಡಿಕೊಳ್ಳುವ ಒಬ್ಬಿಬ್ಬರು ಹೆಣ್ಣುಮಕ್ಕಳ ಗೌರವಧನವನ್ನು ಪಂಚಾಯಿತಿ, ನಗರಸಭೆಗಳು ಸ್ವಂತ ನಿಧಿಯಿಂದಲೇ ಕೊಡಬೇಕು. ಬಡ ಪಂಚಾಯಿತಿಗಳ ಕೊರತೆಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತುಂಬಲಿ. 371(ಜೆ) ಬಂದದ್ದು ರಸ್ತೆ, ಗೋಡೆಗಳಿಗಷ್ಟೇ ಅಲ್ಲ. 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕಡೆಯದಾಗಿದ್ದ ಜಿಲ್ಲೆ ನಮ್ಮದು. ಇಲ್ಲಿ ಪಿಂಚಣಿಯ ಕಾಗದ ಓದಿ ಹೇಳುವ ಒಬ್ಬರಿದ್ದರೂ ಹಿರಿಯರಿಗೆ ದೊಡ್ಡ ಆಸರೆ.

ಇನ್ನು ಅನ್ನ. ಅದು ಮಠದ ಪಾಲಿಗಿರಲಿ. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ನೆನಪು ಇನ್ನೂ ಹಸಿರಾಗಿರುವ ಈ ನಾಡಿನಲ್ಲಿ ನಲವತ್ತು ಹಿರಿಯರ ಮಧ್ಯಾಹ್ನದ ಊಟ ಮಠಕ್ಕೆ ಭಾರವಾಗದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಈ ಮೇಲು ಕೀಳಿಲ್ಲ. ಆದ್ದರಿಂದ ಬಂದ ಹಿರಿಯರಿಗೂ ಕಾಯಕವಿರಲಿ. ಜೇಡರ ದಾಸಿಮಯ್ಯನವರ ಊರೆಂದು ನಾವು ಹೆಮ್ಮೆಪಡುವ ಮುದನೂರು ಇದೇ ಸೀಮೆಯದು. ಬತ್ತಿ ಹೊಸೆಯುವುದು, ತೊಗರಿಬೇಳೆ ಹಸನು ಮಾಡುವುದು, ಶಾಲೆ ಬಿಟ್ಟು ಬಂದ ಮಕ್ಕಳಿಗೆ ವಚನ ಹೇಳಿಕೊಡುವುದು: ಕೈಲಾದದ್ದನ್ನು ಮಾಡಿದ ದಿನ ಅವರು ಊಟವನ್ನು ಸಂಕೋಚವಿಲ್ಲದೆ ಉಣ್ಣುತ್ತಾರೆ.

ಆದರೆ ಮಠಗಳಿಗೆ ಸಾರ್ವಜನಿಕರ ಹಣ ಬರುವಾಗ ಕಟ್ಟುನಿಟ್ಟು ಇರಲೇಬೇಕು. ನಮ್ಮವರಿಗೆ ಹಿತವಾಗದ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ಮೊದಲನೆಯದು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ತಾಂಡಾದ ಅಜ್ಜಿ, ದಲಿತ ಕೇರಿಯ ಮುತ್ಯಾ, ಮುಸ್ಲಿಂ ವಿಧವೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಬೇಕು. ‘ಬೇರೆ ಕೂಡಿಸಿದರೆ ಮಾತ್ರ ಬರುತ್ತೇವೆ’ ಎನ್ನುವವರಿಗಾಗಿ ಪಂಕ್ತಿ ಒಡೆಯುವ ಮಠ ಈ ಹಣ ಮುಟ್ಟಬಾರದು, ಬಸವಣ್ಣನವರ ಹೆಸರನ್ನೂ ಹೇಳಬಾರದು. ಎರಡನೆಯದು, ಪಂಚಾಯಿತಿ ಬಹಿರಂಗವಾಗಿ ಅರ್ಜಿ ಕರೆಯಬೇಕು. ಊರಿನ ಸ್ತ್ರೀಶಕ್ತಿ ಸಂಘ ನಮಗಿಂತ ಚೆನ್ನಾಗಿ ನಡೆಸಬಲ್ಲದಾದರೆ ಹಣ ಅವರಿಗೇ ಹೋಗಲಿ, ಮಠ ಭವನದ ಕೀಲಿಕೈ ಕೊಡಲಿ. ಮೂರನೆಯದು, ಲೆಕ್ಕವನ್ನು ವರ್ಷಕ್ಕೆರಡು ಬಾರಿ ಗ್ರಾಮಸಭೆಯಲ್ಲಿ ಓದಬೇಕು. ಕೃಷ್ಣೆಯ ಆಚೆ ದಡದ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಅನುದಾನದ ಉಳಿಕೆಯನ್ನು ಮರಳಿಸುವ ಮಠವೇ ಲಕ್ಕಮ್ಮನ ಮಠ.

‘ಹೆತ್ತವರನ್ನು ನೋಡುವುದು ಮಕ್ಕಳ ಧರ್ಮ, ಇಂಥ ಕೇಂದ್ರ ತೆರೆದರೆ ಮಕ್ಕಳು ಇನ್ನಷ್ಟು ಕೈಬಿಡುತ್ತಾರೆ’ ಎನ್ನುವವರಿದ್ದಾರೆ. ಗುಳೆ ಹೋದ ಮಗ ತಾಯಿಯನ್ನು ಬಿಟ್ಟು ಹೋದದ್ದು ಮನಸ್ಸಿಲ್ಲದೆ ಅಲ್ಲ, ಕೂಲಿಯಿಲ್ಲದೆ. ಹಗಲುಮನೆಯಿಂದ ಸಂಜೆ ತಾಯಿ ತನ್ನ ಮನೆಗೇ ಹೋಗುತ್ತಾಳೆ. ಅವಳ ಊಟ, ಗುಳಿಗೆ ಸರಿಯಾಗಿದೆಯೆಂದು ಮಗನಿಗೆ ಫೋನಿನಲ್ಲಿ ತಿಳಿಯುತ್ತದೆ. ಇದರಿಂದ ನಂಟು ಉಳಿಯುತ್ತದೆ. ಇನ್ನು, ಮಠ ಮುಂದೆ ಬಂದರೆ ಸರ್ಕಾರ ಹಿಂದೆ ಸರಿಯುತ್ತದೆ ಎಂಬ ಅಂಜಿಕೆ ನಿಜವಾದದ್ದು. ಅದಕ್ಕಾಗಿಯೇ ಗೌರವಧನ ಪಂಚಾಯಿತಿಯ ಆಯವ್ಯಯದಲ್ಲಿ ಪ್ರತ್ಯೇಕ ಬಾಬತ್ತಾಗಿ, ಪ್ರತಿವರ್ಷ ಇರಬೇಕು. ವೈದ್ಯರ ಭೇಟಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯಾಗಿಯೇ ಉಳಿಯಬೇಕು.

ಬರುವ ಗ್ರಾಮಸಭೆಗೆ ಪ್ರತಿ ಊರಿನ ಬಸವಕೇಂದ್ರ, ಅಕ್ಕನ ಬಳಗದವರು ಒಂದು ಪಟ್ಟಿ ಹಿಡಿದು ಹೋಗಲಿ: ಊರಲ್ಲಿ ಒಂಟಿಯಾಗಿರುವ ಹಿರಿಯರೆಷ್ಟು, ಅವರಲ್ಲಿ ಪಿಂಚಣಿ ಬಾರದವರೆಷ್ಟು, ಗುಳಿಗೆ ತಪ್ಪಿದವರೆಷ್ಟು. ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳ ಆಯವ್ಯಯ ಪೂರ್ವಭಾವಿ ಸಭೆಗಳಿಗೂ ಇದೇ ಪಟ್ಟಿ ಹೋಗಲಿ. ಪೂಜ್ಯರಲ್ಲಿ ಒಂದೇ ಬಿನ್ನಹ: ಈ ವರ್ಷ ಹೊಸ ಕಲ್ಯಾಣ ಮಂಟಪಕ್ಕೆ ಅನುದಾನ ಕೇಳುವ ಅರ್ಜಿಯನ್ನು ಬದಿಗಿಟ್ಟು, ಇದ್ದ ಭವನವನ್ನು ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹಿರಿಯರಿಗೆ ಬಿಟ್ಟುಕೊಡುತ್ತೇವೆಂಬ ಪತ್ರವನ್ನು ಪಂಚಾಯಿತಿಗೆ ಬರೆಯಿರಿ. ಆ ಪತ್ರ ಕೈಗೆ ಬಂದ ಮೇಲೆ ‘ಜಾಗವಿಲ್ಲ’ ಎಂದು ಹೇಳಲು ಯಾವ ಅಧ್ಯಕ್ಷರಿಗೂ ಆಗದು.