ಬಬಲ್‌ಗಮ್ ಜೊತೆ ಬಂದ ಚೀಟಿಗೆ ನೂರು ಕೋಟಿ!

2022ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಅಂಗೈಯಷ್ಟು ದೊಡ್ಡ ಒಂದು ರಟ್ಟಿನ ಚೀಟಿ 1 ಕೋಟಿ 26 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಚೀಟಿಯ ಮೇಲಿದ್ದದ್ದು ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರ.

ಇದನ್ನು ಹುಚ್ಚು ಎಂದು ನಕ್ಕು ಬಿಡಬಹುದು. ನಾವು ಬಿಡುವುದಿಲ್ಲ. ಇದು ಹುಚ್ಚಲ್ಲ, ವ್ಯಾಪಾರ. ಅದೂ ನೆಟ್ಟಗಿನ ವ್ಯಾಪಾರವಲ್ಲ.

ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. 1952ರಲ್ಲಿ ಟಾಪ್ಸ್ ಕಂಪನಿ ಈ ಕಾರ್ಡುಗಳನ್ನು ಬಬಲ್‌ಗಮ್ ಜೊತೆ ಐದು ಸೆಂಟಿನ ಪೊಟ್ಟಣದಲ್ಲಿ ಮಾರಿತು. ಆ ಕಾಲದ ಹುಡುಗರು ಕಾರ್ಡನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಎನಿಸುತ್ತಾ ಓಡಿಸುತ್ತಿದ್ದರು. ಮಾರಾಟವಾಗದೆ ಉಳಿದ ಮಾಲನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದರು. ಅಂದು ಕಸವಾಗಿದ್ದದ್ದೇ ಇಂದು ಚಿನ್ನ.

ಆ ಚಿನ್ನ ಯಾರಿಗೆ ಸಿಕ್ಕಿತು? ಮಾರಿದವರು 1991ರಲ್ಲಿ ಅದನ್ನು 50 ಸಾವಿರ ಡಾಲರ್‌ಗೆ ಕೊಂಡಿದ್ದರು. ಆಟ ಆಡಿದವರ ಕಥೆ ಬೇರೆ. 1960ರ ದಶಕದಲ್ಲೂ ಟಾಪ್ಸ್ ತನ್ನ ಕಾರ್ಡಿಗಾಗಿ ಒಬ್ಬ ಆಟಗಾರನಿಗೆ ಕೊಡುತ್ತಿದ್ದದ್ದು ವರ್ಷಕ್ಕೆ 125 ಡಾಲರ್. ಮ್ಯಾಂಟಲ್ 1995ರಲ್ಲೇ ತೀರಿಕೊಂಡ. ಬೆವರು ಒಬ್ಬನದು, ಬೆಲೆ ಇನ್ನೊಬ್ಬನದು. ಈ ಲೆಕ್ಕ ನಮ್ಮ ಓದುಗರಿಗೆ ಹೊಸದೇನಲ್ಲ.

ಇನ್ನು ದರ್ಜೆಯ ಕಥೆ ಕೇಳಿ. ಕಾರ್ಡಿನ ಮೂಲೆ ಎಷ್ಟು ಚೂಪಾಗಿದೆ, ಅಂಚು ಎಷ್ಟು ನೇರವಿದೆ ಎಂದು ನೋಡಿ ಕಂಪನಿಗಳು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತವೆ. ಅರ್ಧ ಅಂಕ ಹೆಚ್ಚಾದರೆ ಬೆಲೆ ಎಲ್ಲಿಗೋ ಹಾರುತ್ತದೆ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ನೂರು ವರ್ಷ ಹಳೆಯ ಸಿಗರೇಟು ಕಾರ್ಡೊಂದಕ್ಕೆ ಪಿಎಸ್ಎ ಕಂಪನಿ 8 ಅಂಕ ಕೊಟ್ಟಿತು. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಹೋಯಿತು. 2013ರಲ್ಲಿ ಹರಾಜು ವ್ಯಾಪಾರಿ ಬಿಲ್ ಮಾಸ್ಟ್ರೋ ನ್ಯಾಯಾಲಯದಲ್ಲಿ ಒಪ್ಪಿಕೊಂಡ: ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಎಂದು! ತನ್ನ ಹರಾಜಿನಲ್ಲಿ ಸುಳ್ಳು ಕೂಗು ಕೂಗಿಸಿ ಬೆಲೆ ಏರಿಸಿದ್ದಕ್ಕೆ 2015ರಲ್ಲಿ ಅವನಿಗೆ 20 ತಿಂಗಳ ಜೈಲು ಶಿಕ್ಷೆಯಾಯಿತು.

ಪಾಠ ಕಲಿತರೇ? 2021ರಲ್ಲಿ ಪಿಎಸ್ಎಯ ಮೂಲ ಕಂಪನಿಯನ್ನು ಶತಕೋಟ್ಯಧಿಪತಿ ಸ್ಟೀವ್ ಕೋಹೆನ್ ಸೇರಿದ ಗುಂಪು ಕೊಂಡಿತು. ಅದೇ ವರ್ಷ ಆ ಕಂಪನಿ ಗೋಲ್ಡಿನ್ ಎಂಬ ಹರಾಜು ಸಂಸ್ಥೆಯನ್ನೂ ಕೊಂಡಿತು. 2024ರವರೆಗೆ ಎರಡೂ ಒಂದೇ ಮನೆಯಲ್ಲಿದ್ದವು. ಮಾಲಿಗೆ ದರ್ಜೆ ಕೊಡುವವನೂ ಹರಾಜು ಕೂಗುವವನೂ ಒಂದೇ ಮನೆಯವರಾದರೆ ಏನನಿಸುತ್ತದೆ ಎಂದು ಮಂಡಿಗೆ ಹೋಗಿ ಬಂದವರಿಗೆ ನಾವು ಹೇಳಬೇಕೇ?

"ಅವರ ದುಡ್ಡು, ಅವರ ಖುಷಿ, ನಿಮಗೇನು ಹೊಟ್ಟೆಯುರಿ?" ಎಂದು ಕೇಳುವವರಿದ್ದಾರೆ. ಸಂಗ್ರಹದ ಪ್ರೀತಿಗೆ ನಮ್ಮ ತಕರಾರಿಲ್ಲ. ಆದರೆ ಮೇಲಿನವರ ಆಟದ ಬಿಸಿ ಕೆಳಗಿನವರಿಗೂ ತಟ್ಟುತ್ತದೆ. 2021ರ ಮೇ ತಿಂಗಳಲ್ಲಿ ಕಾರ್ಡುಗಳಿಗಾಗಿ ಅಂಗಡಿ ಮುಂದೆ ಹೊಡೆದಾಟವಾಗಿ, ಪಿಸ್ತೂಲೂ ಹೊರಬಂದು, ಟಾರ್ಗೆಟ್ ಮಳಿಗೆಗಳು ಕೆಲಕಾಲ ಕಾರ್ಡ್ ಮಾರಾಟವನ್ನೇ ನಿಲ್ಲಿಸಿದವು. ಮಕ್ಕಳ ಆಟದ ಸಾಮಾನಿಗೆ ಬಂದ ಗತಿ ಇದು.

ನಾವು ಕೇಳುವುದು ಇಷ್ಟೇ: ಅಂಕ ಕೊಡುವವರು ಮಾರಬಾರದು, ಮಾರುವವರು ಅಂಕ ಕೊಡಬಾರದು. ಕೋಟಿಗಟ್ಟಲೆ ಹರಾಜಾದಾಗ ಅದರಲ್ಲೊಂದು ಪಾಲು ಹಳೆಯ ಆಟಗಾರರ ಕುಟುಂಬಗಳಿಗೆ ಹೋಗಬೇಕು.

ನಿಮಗೂ ಒಂದು ಮಾತು. ಇಂಥ ಸುದ್ದಿ ತೋರಿಸಿಯೇ ಫೋನಿನಲ್ಲಿ "ನಿಮ್ಮ ಹಳೆಯ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ" ಎನ್ನುವವರು ಬರುತ್ತಾರೆ. ತನ್ನ ಹೆಸರು ಹೇಳಿಕೊಂಡು ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಳೆಯ ಪೆಟ್ಟಿಗೆಯಲ್ಲಿ ಚಿತ್ರವೋ ನಾಣ್ಯವೋ ಸಿಕ್ಕರೆ ಮಕ್ಕಳ ಕೈಗೆ ಕೊಟ್ಟು ಅದರ ಕಥೆ ಹೇಳಿ.