ಗಾಳಿಯ ಸದ್ದನ್ನು ಅಳಿಸಿದ ಹಾರಾಟದ ಚಿತ್ರಗಳು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ರಜೆಯೆಂದರೆ ಊರಿಗೆ ಹೋಗುವ ಕೊಂಕಣ ರೈಲು. ಈಗ ಮಕ್ಕಳು ನಡುವೆ ಗೋವಾದಲ್ಲಿಳಿದು ಪ್ಯಾರಾಗ್ಲೈಡಿಂಗ್ ಮಾಡಿ, ಅದರ ವಿಡಿಯೋ ತರಬೇಕೆನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ 2025ರ ಜನವರಿ 18ರಂದು ಉತ್ತರ ಗೋವಾದ ಕೇರಿಯಲ್ಲಿ ಪುಣೆಯ ಯುವತಿಯೊಬ್ಬಳು ಹಾಗೂ ಆಕೆಯೊಂದಿಗೆ ಹಾರಿದ ಚಾಲಕ ಕಂದಕಕ್ಕೆ ಬಿದ್ದು ಅಸುನೀಗಿದ್ದನ್ನು ಹೆತ್ತವರು ಮರೆಯಲಾಗದು. ಆ ಹಾರಾಟಕ್ಕೆ ಅನುಮತಿಯೇ ಇರಲಿಲ್ಲವೆಂದು ಪೊಲೀಸರು ಆಗ ತಿಳಿಸಿದ್ದರು.

ಕಡಲಗಾಳಿ ದಿಣ್ಣೆಗೆ ತಾಗಿ ಮೇಲೇರುವಾಗ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಗಾಳಿಯ ದಿಕ್ಕು ಬದಲಾದರೆ ಆ ಆಸರೆ ತಪ್ಪುತ್ತದೆ. ಜಾಹೀರಾತಿನ ವಿಡಿಯೋಗಳಲ್ಲಿ ಇದು ತಿಳಿಯುವುದೇ ಇಲ್ಲ. ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಸಾಗುವಾಗ ಕ್ಯಾಮೆರಾದ ಮೈಕಿಗೆ ಗಾಳಿಯ ಅಬ್ಬರವೇ ಬಡಿಯುವುದರಿಂದ, ಸದ್ದನ್ನು ಅಳಿಸಿ ಸಿನೆಮಾ ಹಾಡು ಸೇರಿಸುವುದು ರೂಢಿ. ಹೆಲ್ಮೆಟ್ಟಿನೊಳಗೆ, ಬಾಯಿಯ ಬಳಿ, ಸ್ಪಂಜು ಹೊದಿಸಿದ ಪುಟ್ಟ ಮೈಕ್ ಇಟ್ಟರೆ ಮಾತು ಸ್ಪಷ್ಟವಾಗಿ ದಾಖಲಾಗುತ್ತದೆ. ಹಣ ಕೊಡುವ ಮುನ್ನ ಹಾಡಿಲ್ಲದ ಮೂಲ ವಿಡಿಯೋ ಕೇಳಿ ನೋಡಿ: ಓಡುವ ಮೊದಲು ಚಾಲಕ ಬಕಲುಗಳನ್ನು ಪರೀಕ್ಷಿಸಿ ಸೂಚನೆ ನೀಡಿದನೇ ಎಂಬುದು ಅಲ್ಲಿ ಕೇಳಿಸುತ್ತದೆ. ಪರವಾನಗಿ ಪತ್ರವನ್ನೂ ಕೇಳಲು ಸಂಕೋಚವೇಕೆ?

ಡ್ರೋನ್ ಚಿತ್ರೀಕರಣದ ಮಾತು ಬೇರೆ. ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ವಿಮಾನ ಸಂಚಾರ ಆರಂಭವಾಗಿದ್ದು, ನಿಲ್ದಾಣದ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಹಾರಲು ಕಲಿಯಲೇಬೇಕೆನ್ನುವವರಿಗೆ ಗೋವಾ ತನಕ ಹೋಗಬೇಕಿಲ್ಲ. ಕಲ್ಯಾಣದಿಂದ ಲೋಣಾವಳಕ್ಕೆ ಹೋಗಿ ಪುಣೆ ಲೋಕಲ್ ಹಿಡಿದರೆ ಕಾಮಶೇತ್. ಮಳೆಗಾಲ ಕಳೆದ ಮೇಲೆ ಅಲ್ಲಿ ತರಬೇತಿ ನಡೆಯುತ್ತದೆ.